ಮುಂಬೈ ಮುಲುಂಡ್‌ನ ಅಡುಗೆಮನೆಗೆ ಬಿಳಿ ಕ್ವಾರ್ಟ್ಜ್: ಒಂದೇ ಸ್ಲ್ಯಾಬಿನಲ್ಲಿ ಮುಗಿಯುತ್ತದೆಯೇ, ಹಳದಿಯಾಗುತ್ತದೆಯೇ?

ಮುಲುಂಡ್_ಪೂರ್ವ
ಎಲ್ಲರಿಗೂ ನಮಸ್ಕಾರ. ಅಡುಗೆಮನೆಯ ಓಟಾ, ಅಂದರೆ ಒಲೆ, ಸಿಂಕ್ ಇರುವ ಕಲ್ಲಿನ ಕಟ್ಟೆ, ಬದಲಿಸಿ ಬಿಳಿ ಕ್ವಾರ್ಟ್ಜ್ ಹಾಕಿಸಬೇಕಿದೆ. ಎಲ್ ಆಕಾರ, ಒಂದು ತೋಳು 9 ಅಡಿ, ಇನ್ನೊಂದು 6 ಅಡಿ, ಆಳ 25 ಇಂಚು. ಈಗಿರುವುದು ಕಪ್ಪು ಗ್ರಾನೈಟ್, ಕೆಳಗೆ ಕಡಪ ಕಲ್ಲು. ಒಲೆ ಉದ್ದ ತೋಳಿನಲ್ಲಿ. ಸಿಂಕ್ ಚಿಕ್ಕ ತೋಳಿನಲ್ಲಿ, ಪಶ್ಚಿಮದ ಕಿಟಕಿಯ ಕೆಳಗೆ. ಮನೆ 7ನೇ ಮಹಡಿಯಲ್ಲಿದೆ, ಲಿಫ್ಟ್ ಚಿಕ್ಕದು.

ಕೇಳಬೇಕಾದದ್ದು: ಒಂದು ಸ್ಲ್ಯಾಬ್ ಸಾಕೇ? 15 ಮಿ.ಮೀ. ತರಬೇಕೇ, 20 ಮಿ.ಮೀ. ತರಬೇಕೇ? ಅಂಗಡಿಯಲ್ಲಿ "ನ್ಯಾನೋ ವೈಟ್ ಇನ್ನೂ ಬೆಳ್ಳಗಿರುತ್ತದೆ, ಅದನ್ನೇ ಹಾಕಿಸಿ" ಎನ್ನುತ್ತಾರೆ. ಕ್ವಾರ್ಟ್ಜ್‌ಗೂ ಅದಕ್ಕೂ ವ್ಯತ್ಯಾಸವೇನು? ದಿನವೂ ಅರಿಶಿನದ ಅಡುಗೆ ಇರುವ ಮನೆಗೆ ಬಿಳಿ ಬಣ್ಣ ತಡೆದೀತೇ?

ಠಾಣೆ_ಕಲ್ಲುಕೆಲಸ
ಮೊದಲು ಲೆಕ್ಕ ನೋಡೋಣ. ಜಂಬೋ ಸ್ಲ್ಯಾಬ್ ಸಾಮಾನ್ಯವಾಗಿ 3200 × 1600 ಮಿ.ಮೀ. ಇರುತ್ತದೆ, ಸುಮಾರು 55 ಚದರ ಅಡಿ. ನಿಮ್ಮ 25 ಇಂಚು ಅಂದರೆ 635 ಮಿ.ಮೀ. ಅಂಥ ಎರಡು ಪಟ್ಟಿ ತೆಗೆದರೆ 1600ರಲ್ಲಿ 1270 ಹೋಗಿ 330 ಉಳಿಯುತ್ತದೆ. ಮೊದಲ ಪಟ್ಟಿಯಲ್ಲಿ 9 ಅಡಿಯ ತೋಳು, ಅಂದರೆ 2743 ಮಿ.ಮೀ., ಆರಾಮವಾಗಿ ಬರುತ್ತದೆ. 6 ಅಡಿಯ ತೋಳಿಗೆ ಪೂರ್ತಿ 6 ಅಡಿ ಬೇಡ. ಮೂಲೆಯ 635 ಮಿ.ಮೀ. ಆಗಲೇ ಉದ್ದ ತೋಳಿನಲ್ಲಿ ಸೇರಿಕೊಂಡಿದೆ, ಹಾಗಾಗಿ 1194 ಸಾಕು. ಎರಡನೇ ಪಟ್ಟಿಯಲ್ಲಿ ಇನ್ನೂ 2 ಮೀಟರ್ ತುಂಡು ಮಿಗುತ್ತದೆ. ಕಿಟಕಿಯ ಅಂಚಿಗೋ ಬಚ್ಚಲಿನ ವಾಶ್‌ಬೇಸಿನ್ ಕಟ್ಟೆಗೋ ಆದೀತು.

ಉಳಿದ 330 ಮಿ.ಮೀ. ಪಟ್ಟಿಯನ್ನೂ ಬಿಡಬೇಡಿ. ಗೋಡೆಗೆ ತಾಗಿ ನಿಲ್ಲುವ 100 ಮಿ.ಮೀ. ಪಟ್ಟಿ ಎರಡು, ಮುಂದಿನ ಅಂಚನ್ನು ದಪ್ಪ ಕಾಣಿಸುವ 40 ಮಿ.ಮೀ. ಪಟ್ಟಿ ಎರಡು, ಸೇರಿ 280. ಬ್ಲೇಡು ಪ್ರತಿ ಕೊಯ್ತಕ್ಕೆ 3ರಿಂದ 4 ಮಿ.ಮೀ. ತಿನ್ನುತ್ತದೆ, ಅದಕ್ಕೂ ಜಾಗ ಉಳಿಯಿತು. ಅಂದರೆ ಒಂದೇ ಸ್ಲ್ಯಾಬು ಸಾಕು. ಹಿಂದಿನ ಗೋಡೆಗೆ 2 ಅಡಿ ಎತ್ತರದ ದಾಡೋ (ಗೋಡೆಯ ಹೊದಿಕೆ) ಕೂಡ ಕ್ವಾರ್ಟ್ಜ್‌ನದೇ ಬೇಕೆಂದರೆ ಇನ್ನೂ 30 ಚದರ ಅಡಿ ಬೇಕು, ಎರಡನೇ ಸ್ಲ್ಯಾಬ್ ತರಬೇಕಾಗುತ್ತದೆ. ಒಲೆಯ ಹಿಂದಿನ ಗೋಡೆಗೆ ಟೈಲ್ಸೇ ಒಳ್ಳೆಯದು, ಜ್ವಾಲೆಯ ಬಿಸಿಗೆ ಅದು ಜಗ್ಗುವುದಿಲ್ಲ. ಅಲ್ಲಿಗೆ ಖರ್ಚೂ ಉಳಿಯಿತು.

ಕೊಟೇಶನ್ ಕೇಳುವಾಗ ದರ ಇಡೀ ಸ್ಲ್ಯಾಬಿಗೋ ಕೂರಿಸಿದ ಅಳತೆಗೋ ಎಂದು ಬರೆಸಿಕೊಳ್ಳಿ. ಅಂಚಿನ ಮೋಲ್ಡಿಂಗ್ ರನ್ನಿಂಗ್ ಅಡಿಯ ಲೆಕ್ಕ, ಸಿಂಕಿಗೂ ಹಾಬ್‌ಗೂ (ಕಲ್ಲಿನೊಳಗೆ ಇಳಿಸುವ ಒಲೆ) ಕೊರೆಯುವ ಕಟೌಟ್ ಒಂದೊಂದಕ್ಕೆ ಇಷ್ಟೆಂಬ ಲೆಕ್ಕ, ಮಹಡಿಗೆ ಹೊರುವ ಕೂಲಿ ಬೇರೆ. ಮಿಕ್ಕ ತುಂಡು ನಿಮ್ಮದು ಎಂಬುದನ್ನೂ ಅದರಲ್ಲೇ ಸೇರಿಸಿ.

ಕೋಥ್ರೂಡ್_ಒಳಾಂಗಣ
ಲೆಕ್ಕ ಸರಿಯಾಗಿದೆ. ವಸ್ತುವಿನ ಬಗ್ಗೆ ನಾನು ಹೇಳುತ್ತೇನೆ.

ಕ್ವಾರ್ಟ್ಜ್ ಸ್ಲ್ಯಾಬ್ ಗಣಿಯಿಂದ ಇಡಿಯಾಗಿ ಬರುವ ಕಲ್ಲಲ್ಲ. ತೂಕದಲ್ಲಿ ಸುಮಾರು 90 ಪಾಲು ಕ್ವಾರ್ಟ್ಜ್ ಹರಳು ಮತ್ತು ಪುಡಿ, ಉಳಿದದ್ದು ಅವನ್ನು ಹಿಡಿದಿಡುವ ಪ್ಲಾಸ್ಟಿಕ್ ಅಂಟು, ಅಂದರೆ ಪಾಲಿಯೆಸ್ಟರ್ ರೆಸಿನ್, ಮತ್ತು ಬಣ್ಣ. ಗಾಳಿ ತೆಗೆದ ಸ್ಥಿತಿಯಲ್ಲಿ ಕಂಪನ ಕೊಟ್ಟು ಒತ್ತಿ, ಆಮೇಲೆ ಕಾಯಿಸಿ ಗಟ್ಟಿಮಾಡುತ್ತಾರೆ. ಇಟಲಿಯ ಬ್ರೆಟನ್ ಕಂಪನಿ ರೂಪಿಸಿದ ವಿಧಾನ ಇದು. ನಮ್ಮಲ್ಲಿ ಗುಜರಾತಿನ ಮೋರ್ಬಿಯ ಕಡೆಯಿಂದಲೂ ಆಂಧ್ರದಿಂದಲೂ ಸ್ಲ್ಯಾಬುಗಳು ಬರುತ್ತವೆ.

ಈ ವಸ್ತುವಿನ ಗುಣ, ದೋಷ ಎರಡೂ ಆ ರೆಸಿನ್‌ನಿಂದಲೇ. ಸೂಕ್ಷ್ಮರಂಧ್ರಗಳು ಇಲ್ಲವೆಂದೇ ಹೇಳಬಹುದಾದ್ದರಿಂದ ನೀರು, ಎಣ್ಣೆ ಒಳಗಿಳಿಯುವುದಿಲ್ಲ. ಮಾರ್ಬಲ್ಲಿಗೆ ಬೇಕಾಗುವ ಸೀಲರ್ ಇದಕ್ಕೆ ಬೇಡ, ಹಚ್ಚಿದರೆ ಮೇಲೆ ಮಬ್ಬು ಪೊರೆ ಕೂರುತ್ತದೆ ಅಷ್ಟೆ. ಆದರೆ ಅದೇ ರೆಸಿನ್ ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಕೆಡತೊಡಗುತ್ತದೆ, ವರ್ಷಗಟ್ಟಲೆ ನೇರ ಬಿಸಿಲಿಗೆ ಹಳದಿಯಾಗುತ್ತದೆ. ಈ ಎರಡನ್ನು ತಡೆದರೆ ಬಿಳಿ ಓಟಾ ಬಿಳಿಯಾಗಿಯೇ ಇರುತ್ತದೆ.

ನ್ಯಾನೋ ವೈಟ್ ಬೇರೆಯೇ ವಸ್ತು. ಗಾಜನ್ನು ಹರಳುಗಟ್ಟಿಸಿ ಮಾಡಿದ್ದು, ಅದರಲ್ಲಿ ರೆಸಿನ್ ಇಲ್ಲ. ಹಾಗಾಗಿ ಬಿಸಿಲಿಗೆ ಹಳದಿಯಾಗುವುದಿಲ್ಲ, ಬಿಳುಪಿನಲ್ಲಿ ಕ್ವಾರ್ಟ್ಜ್‌ಗಿಂತ ಒಂದು ಕೈ ಮೇಲು. ಆದರೆ ಸ್ವಭಾವ ಗಾಜಿನದೇ. ಅಂಚಿಗೆ ಕುಕ್ಕರ್ ತಗುಲಿದರೆ ಚಿಪ್ಪೇಳುತ್ತದೆ. ಪಾಲಿಶ್ ಮಾಡುವಾಗ ಒಳಗಿನ ಗುಳ್ಳೆಗಳು ಸೂಜಿಮೊನೆಯ ತೂತುಗಳಾಗಿ ಮೇಲೆ ಕಾಣಿಸಿಕೊಂಡು ಅವುಗಳಲ್ಲಿ ಕೊಳೆ ಕೂರುತ್ತದೆ. ತಣ್ಣೀರು ಬಿದ್ದ ಜಾಗದಲ್ಲಿ ಕಾದ ಪಾತ್ರೆ ಇಟ್ಟರೆ ಬಿರಿಯಬಹುದು. ಗೋಡೆಗೆ, ಟೇಬಲ್ ಮೇಲ್ಮೈಗೆ ಹಾಕಿಸಿ. ದಿನಕ್ಕೆ ಎರಡು ಹೊತ್ತು ಬೇಯಿಸುವ ಓಟಾಗೆ ನಾನು ಹೇಳುವುದಿಲ್ಲ.

ಡೊಂಬಿವಲಿ_ಕಟ್ಟೆ
ಅಂಗಡಿಯಲ್ಲಿ ನಿಂತು ಗುರುತಿಸುವುದು ಹೇಗೆ? ಕ್ವಾರ್ಟ್ಜ್, ನ್ಯಾನೋ ವೈಟ್, ಕಂಪೋಸಿಟ್ ಮಾರ್ಬಲ್ (ಮಾರ್ಬಲ್ ಪುಡಿಗೆ ರೆಸಿನ್ ಸೇರಿಸಿದ್ದು), ಮೂರೂ ಬಿಳಿಯೇ, ಮೂರೂ ಹೊಳೆಯುತ್ತವೆ. ಕಂಪೋಸಿಟ್ ಮಾರ್ಬಲ್ಲನ್ನೂ ಕ್ವಾರ್ಟ್ಜ್ ಎಂದೇ ಮಾರುವವರಿದ್ದಾರೆ.

ಠಾಣೆ_ಕಲ್ಲುಕೆಲಸ
ಸ್ಯಾಂಪಲ್ ತುಂಡಿನ ಕೊಯ್ದ ಅಂಚು ನೋಡಿ. ಗಾಜು ಒಡೆದಂತೆ ನುಣ್ಣಗೆ ಹೊಳೆದರೆ ನ್ಯಾನೋ ವೈಟ್. ಸಕ್ಕರೆಯ ಹಾಗೆ ಹರಳು ಹರಳಾಗಿ ಕಂಡರೆ ಕ್ವಾರ್ಟ್ಜ್ ಅಥವಾ ಕಂಪೋಸಿಟ್ ಮಾರ್ಬಲ್. ಈ ಎರಡರಲ್ಲಿ ಯಾವುದು ಎನ್ನಲು ಹಿಂಬದಿಯ ಪಾಲಿಶ್ ಇಲ್ಲದ ಕಡೆ ನಿಂಬೆರಸ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ಸಣ್ಣ ಗುಳ್ಳೆ ಎದ್ದರೆ, ಒರೆಸಿದ ಮೇಲೆ ಒರಟು ಕಲೆ ಉಳಿದರೆ, ಅದು ಮಾರ್ಬಲ್ ಪುಡಿಯದು. ಕ್ವಾರ್ಟ್ಜ್‌ಗೆ ನಿಂಬೆಹುಳಿ ಏನೂ ಮಾಡುವುದಿಲ್ಲ.

ಇನ್ನೊಂದು ಪರೀಕ್ಷೆ ಚಾಕುವಿನ ಮೊನೆ. ಕ್ವಾರ್ಟ್ಜ್ ಹರಳಿನ ಗಡಸುತನ ಮೋಸ್ ಮಾನದಲ್ಲಿ 7, ಉಕ್ಕಿನ ಚಾಕು ಅದಕ್ಕಿಂತ ಮೆದು. ಗೀಚಿದರೆ ಕಲ್ಲಿನ ಮೇಲೆ ಬೂದು ಗೆರೆ ಮೂಡುತ್ತದೆ, ಅದು ಚಾಕುವಿನ ಲೋಹ, ಉಜ್ಜಿದರೆ ಹೋಗುತ್ತದೆ. ಉಗುರಿಗೆ ತಗುಲುವ ಗೀರು ಬಿದ್ದರೆ ಆ ತುಂಡು ಬೇಡ.

ಕೋಥ್ರೂಡ್_ಒಳಾಂಗಣ
ಬಿಳುಪಿನ ಛಾಯೆಯ ಬಗ್ಗೆಯೂ ಒಂದು ಮಾತು. ಷೋರೂಮಿನ 6500 ಕೆಲ್ವಿನ್‌ನ ನೀಲಿಬಿಳಿ ದೀಪದಡಿ ಹಾಲಿನಂತಿದ್ದದ್ದು ಮನೆಯ 3000 ಕೆಲ್ವಿನ್‌ನ ಹಳದಿ ಬೆಳಕಿನ ದೀಪಕ್ಕೆ ಕೆನೆಬಣ್ಣವಾಗಿ ಕಾಣುತ್ತದೆ. 4 ಇಂಚಿನ ತುಂಡಿನಲ್ಲಿ ಇದು ತಿಳಿಯುವುದಿಲ್ಲ. ಒಂದು ಅಡಿ ಚದರದ ತುಂಡು ಕೇಳಿ ತಂದು ಓಟಾದ ಮೇಲೆ ಮಲಗಿಸಿ, ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಪಕ್ಕದಲ್ಲಿ ಕಬೋರ್ಡಿನ ಲ್ಯಾಮಿನೇಟ್ ಇಡಿ. ನೀಲಿ ಛಾಯೆಯ ಬಿಳಿಯ ಪಕ್ಕ ಕೆನೆಬಣ್ಣದ ಲ್ಯಾಮಿನೇಟ್ ಕೊಳೆಯಾದಂತೆ ಕಾಣುತ್ತದೆ.

ಒಂದಕ್ಕಿಂತ ಹೆಚ್ಚು ಸ್ಲ್ಯಾಬ್ ತರುವವರು ಹಿಂಬದಿಯ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ಅಪ್ಪಟ ಬಿಳಿಯಲ್ಲಿ ಬ್ಯಾಚ್ ವ್ಯತ್ಯಾಸ ಜಾಯಿಂಟಿನ ಜಾಗದಲ್ಲೇ ಎದ್ದು ಕಾಣುತ್ತದೆ. ಬೂದು ಗೆರೆಗಳ ಸ್ಲ್ಯಾಬ್ ಆದರೆ ಗೆರೆ ದಪ್ಪದುದ್ದಕ್ಕೂ ಇಳಿದಿದೆಯೇ, ಮೇಲ್ಮೈಯಲ್ಲಿ ಮಾತ್ರವೇ ಎಂದು ಅಂಚಿನಲ್ಲಿ ನೋಡಿ. ಮೇಲಷ್ಟೇ ಇದ್ದರೆ ಗುಂಡು ಮಾಡಿದ ಅಂಚಿನಲ್ಲಿ ಗೆರೆ ತಟ್ಟನೆ ನಿಂತುಹೋಗುತ್ತದೆ.

ಹಡಪ್ಸರ್_ರೊಟ್ಟಿಮನಿ
ಬಿಸಿ ವಿಷಯ ಇನ್ನಷ್ಟು ಬಿಡಿಸಿ ಹೇಳಬೇಕ್ರಿ. ನಮ್ಮ ಕಡೆ ಮಂದಿ ರೊಟ್ಟಿ ಹಂಚು ಇಳಿಸಿ ಸೀದಾ ಕಟ್ಟಿ ಮ್ಯಾಲೆ ಇಡ್ತಾರ. ಗ್ರಾನೈಟ್ ತಡೀತದ, ಇದು ತಡೆಯಂಗಿಲ್ಲ. ಹಂಚು 200 ಡಿಗ್ರಿ ಮ್ಯಾಲೇ ಇರ್ತದ. ಒಮ್ಮೆ ಇಟ್ರ ಕಂದು ಉಂಗುರ ಮೂಡ್ತದ. ಅದು ಕಲೆ ಅಲ್ರಿ, ರೆಸಿನ್ ಸುಟ್ಟದ್ದು. ಯಾವ ಪುಡಿ ಹಾಕಿ ತಿಕ್ಕಿದ್ರೂ ಹೋಗಂಗಿಲ್ಲ. ಎಣ್ಣಿ ಕಾದ ಬಾಣಲಿನೂ ಹಂಗ. ಒಲಿ ಬಲಕ್ಕ 1 ಅಡಿ ಜಾಗದಾಗ ಕಬ್ಬಿಣದ ಕಾಲಿನ ಸ್ಟ್ಯಾಂಡ್ ಒಂದು ಕಾಯಂ ಇಟ್ಟುಬಿಡ್ರಿ, ಕೈ ತಾನಾಗೇ ಅಲ್ಲಿಗೆ ಹೋಗ್ತದ.

ಮತ್ತ ದೊಡ್ಡ ಪಾತ್ರಿ. ಬರ್ನರ್ ದಾಟಿ ಒಲಿ ಅಂಚಿನ ಹೊರಗ ಚಾಚಿದ್ರ ಬೆಂಕಿ ಪಾತ್ರಿ ತಳಕ್ಕ ಬಡಿದು ಕೆಳಗ ತಿರುಗ್ತದ, ಕಲ್ಲು ಒಂದೇ ಕಡೆ ಕಾಯ್ತದ. ಅಲ್ಲಿ ತಣ್ಣೀರು ಚೆಲ್ಲಿದ್ರ ಸೀಳು ಬಿಡೋ ಸಾಧ್ಯತೆ ಅದ.

ಮುಲುಂಡ್_ಪೂರ್ವ
ಹಾಬ್ ಒಳಗೆ ಇಳಿಸುವುದಾದರೆ? ಹಾಬ್ ಕಂಪನಿಯವರು 560 × 480 ಮಿ.ಮೀ. ಕಟೌಟ್ ಎಂದಿದ್ದಾರೆ.

ಠಾಣೆ_ಕಲ್ಲುಕೆಲಸ
ಕ್ವಾರ್ಟ್ಜ್ ಬಿರುಕು ಬಿಡುವುದು ಹೆಚ್ಚಾಗಿ ಕಟೌಟಿನ ಮೂಲೆಯಿಂದಲೇ. ಅದಕ್ಕೆ ಕಾರಣ ಮಾಡುವ ರೀತಿ. ಕಾರಿಗರ ಗ್ರೈಂಡರ್ ಹಿಡಿದು ನಾಲ್ಕು ಗೆರೆ ಕೊಯ್ದು ಮೂಲೆಯಲ್ಲಿ ಒಂದನ್ನೊಂದು ದಾಟಿಸಿಬಿಟ್ಟರೆ ಅಲ್ಲಿ ಕೂದಲಿನಷ್ಟು ಸೀಳು ಉಳಿಯುತ್ತದೆ. ಆರು ತಿಂಗಳ ಬಿಸಿ ತಣ್ಣನೆಗೆ ಅದು ಮುಂದಿನ ಅಂಚಿನವರೆಗೆ ಓಡುತ್ತದೆ. ಸರಿಯಾದ ಕ್ರಮ ಎಂದರೆ ಮೊದಲು ನಾಲ್ಕು ಮೂಲೆಗೆ ಕೋರ್ ಬಿಟ್‌ನಿಂದ ದುಂಡು ತೂತು, ಕನಿಷ್ಠ 10 ಮಿ.ಮೀ. ತ್ರಿಜ್ಯ ಬರುವಂತೆ. ಆಮೇಲೆ ತೂತಿನಿಂದ ತೂತಿಗೆ ಕೊಯ್ತ. ಒಳ ಅಂಚನ್ನು ಒರಟಾಗಿ ಬಿಡದೆ ಪ್ಯಾಡ್‌ನಿಂದ ಉಜ್ಜಿ ನಯ ಮಾಡಬೇಕು.

ನಿಮ್ಮ 635ರ ಆಳದಲ್ಲಿ 480 ಹೋದರೆ 155 ಉಳಿಯುತ್ತದೆ. ಮುಂದೆ 75, ಹಿಂದೆ 80. ಇದು ಸಾಕು. 50ಕ್ಕಿಂತ ಕಡಿಮೆ ಬಿಡಲೇಬೇಡಿ. ಹಾಬ್‌ನ ದೇಹ ಕಲ್ಲಿಗೆ ತಾಗದಂತೆ ಸುತ್ತ 3ರಿಂದ 5 ಮಿ.ಮೀ. ಜಾಗ ಇರಲಿ, ಕೊಯ್ದ ಒಳ ಅಂಚಿಗೆ ಅಲ್ಯುಮಿನಿಯಂ ಫಾಯಿಲ್ ಟೇಪ್ ಅಂಟಿಸಿ.

ಜಾಯಿಂಟ್ ಎಲ್‌ನ ಒಳಮೂಲೆಯಲ್ಲಿ ನೇರವಾಗಿ ಬರಲಿ, ಕರ್ಣರೇಖೆಯಲ್ಲಿ ಬೇಡ. ಸಿಂಕ್ ಕಟೌಟ್ ಅಥವಾ ಹಾಬ್ ಕಟೌಟ್ ಮಧ್ಯೆ ಬರಲೇಕೂಡದು. ಜಾಯಿಂಟಿಗೆ ಮಾಮೂಲಿ ಪಾಲಿಯೆಸ್ಟರ್ ಮಾಸ್ಟಿಕ್ ಹಚ್ಚಿದರೆ ಕಲ್ಲು ಬೆಳ್ಳಗಿದ್ದರೂ ಗೆರೆ ವರ್ಷದೊಳಗೆ ಹಳದಿ ತಿರುಗುತ್ತದೆ. ಬಿಸಿಲಿಗೆ ಬಣ್ಣ ತಿರುಗದ, ಸ್ಲ್ಯಾಬಿನ ಬಣ್ಣಕ್ಕೆ ಹೊಂದುವ ಅಕ್ರಿಲಿಕ್ ಅಂಟು ಕೇಳಿ. ದುಬಾರಿ, ಆದರೆ ನಿಮಗೆ ಬೇಕಾದದ್ದು ಒಂದು ಕಾರ್ಟ್ರಿಡ್ಜ್ ಮಾತ್ರ.

ಡೊಂಬಿವಲಿ_ಕಟ್ಟೆ
ಹಳೆ ಕಡಪದ ಮೇಲೆ ಸಿಮೆಂಟ್ ಗಾರೆ ಹಾಸಿ ಕೂರಿಸಿದರೆ ಆಯಿತಲ್ಲ. ಗ್ರಾನೈಟಿಗೆ ಎಲ್ಲ ಕಡೆ ಹಾಗೆಯೇ ಮಾಡುವುದು.

ಕೋಥ್ರೂಡ್_ಒಳಾಂಗಣ
ಗ್ರಾನೈಟಿಗೆ ನಡೆಯುತ್ತದೆ, ಇದಕ್ಕೆ ನಡೆಯದು. ಬಿಸಿಗೆ ಕ್ವಾರ್ಟ್ಜ್ ಸ್ಲ್ಯಾಬ್ ಗ್ರಾನೈಟಿಗಿಂತ ಹೆಚ್ಚು ಹಿಗ್ಗುತ್ತದೆ, ರೆಸಿನ್ ಇರುವುದರಿಂದ. ಪೂರ್ತಿ ಸಿಮೆಂಟಿನಲ್ಲಿ ಬಿಗಿದರೆ ಹಿಗ್ಗಲು ದಾರಿ ಇಲ್ಲದೆ ಕಟೌಟ್ ಪಕ್ಕದಲ್ಲೋ ಜಾಯಿಂಟಿನಲ್ಲೋ ಬಾಯಿ ಬಿಡುತ್ತದೆ. ಕಡಪ ಗಟ್ಟಿಯಾಗಿ, ಮಟ್ಟವಾಗಿ ಇದ್ದರೆ ಅದನ್ನು ಉಳಿಸಿಕೊಳ್ಳಿ. 2 ಮೀಟರ್ ನೇರಪಟ್ಟಿ ಇಟ್ಟಾಗ ಎಲ್ಲೂ 2 ಮಿ.ಮೀ.ಗಿಂತ ಹೆಚ್ಚು ತಗ್ಗಿರಬಾರದು. ತಗ್ಗನ್ನು ಮೊದಲೇ ತುಂಬಿಸಿ ಒಣಗಿಸಿ, ಆಮೇಲೆ 8ರಿಂದ 10 ಇಂಚಿಗೊಂದು ಉಂಡೆ ಸಿಲಿಕೋನ್ ಅಥವಾ ಪಾಲಿಯುರಿಥೇನ್ ಅಂಟು ಇಟ್ಟು ಸ್ಲ್ಯಾಬ್ ಇಳಿಸಿ. ಗೋಡೆಯ ಕಡೆ 3 ಮಿ.ಮೀ. ಬಿಟ್ಟು ನ್ಯೂಟ್ರಲ್ ಸಿಲಿಕೋನ್ ತುಂಬಿ.

ಕೆಳಗೆ ಆಧಾರ ಪೂರ್ತಿ ಇದ್ದರೆ 15 ಮಿ.ಮೀ. ಸಾಕು. ಕಡಪ ತೆಗೆದು ಮಾಡ್ಯುಲರ್ ಕಬೋರ್ಡಿನ ಮೇಲೆ ನೇರವಾಗಿ ಕೂರಿಸುವುದಾದರೆ 20 ಮಿ.ಮೀ. ತನ್ನಿ. ಆಗ ಕಬೋರ್ಡಿನ ಪ್ಲೈ ನೀರು ತಡೆಯುವ ಐಎಸ್ 710 ಮರೈನ್ ದರ್ಜೆಯದಾಗಿರಲಿ, ಸಿಂಕ್ ಕೆಳಗಂತೂ ಕಡ್ಡಾಯ. ಡಿಶ್‌ವಾಶರ್ ಮೇಲೆ ಆಧಾರ ಇಲ್ಲದ 2 ಅಡಿ ಬರುತ್ತದೆ, ಅಲ್ಲಿ ಹಿಂದೆ ಮುಂದೆ ಪಟ್ಟಿ ಕೊಡಿಸಿ. ಬ್ರೇಕ್‌ಫಾಸ್ಟ್ ಕೌಂಟರ್ ಹೊರಗೆ ಚಾಚುವುದಿದ್ದರೆ 20 ಮಿ.ಮೀ. ಕಲ್ಲಿಗೆ 10 ಇಂಚಿನವರೆಗೆ ಬಿಡಬಹುದು, ಅದಕ್ಕೆ ಮೇಲೆ ಬ್ರಾಕೆಟ್ ಬೇಕು.

ಮುಂದಿನ ಅಂಚು ಕಬೋರ್ಡಿನ ಬಾಗಿಲಿಗಿಂತ, ಅಂದರೆ ಶಟರಿಗಿಂತ, 20ರಿಂದ 25 ಮಿ.ಮೀ. ಹೊರಗಿರಲಿ. ಅದರ ಅಡಿಯಲ್ಲಿ 3 ಮಿ.ಮೀ. ಅಗಲದ ನೀರುಗೆರೆ ಕೊರೆಸಿ. ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಶಟರಿನ ತಲೆ ಉಬ್ಬುವುದು ತಪ್ಪುತ್ತದೆ. ಇದನ್ನು ಕೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ.

ಠಾಣೆ_ಕಲ್ಲುಕೆಲಸ
ಈಗ 7ನೇ ಮಹಡಿ. 20 ಮಿ.ಮೀ. ಕ್ವಾರ್ಟ್ಜ್ ಒಂದು ಚದರ ಮೀಟರಿಗೆ ಸುಮಾರು 48 ಕೆಜಿ. ಇಡೀ ಸ್ಲ್ಯಾಬ್ ಸುಮಾರು 245 ಕೆಜಿ, ಅದನ್ನು ಮೇಲಕ್ಕೆ ತರುವ ಮಾತೇ ಇಲ್ಲ. ನಿಮ್ಮ 9 ಅಡಿಯ ತುಂಡೇ 84 ಕೆಜಿ ತೂಗುತ್ತದೆ, ಚಿಕ್ಕ ಲಿಫ್ಟಿನಲ್ಲಿ ಓರೆಯಾಗಿ ನಿಲ್ಲಿಸಿದರೂ ಹಿಡಿಯುವುದಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಅದು ತಿರುಗುತ್ತದೆಯೇ ಎಂದು ಮೊದಲೇ 9 ಅಡಿ × 25 ಇಂಚಿನ ಪ್ಲೈ ಅಥವಾ ಥರ್ಮಾಕೋಲ್ ಹಿಡಿದು ನೋಡಿ. ತಿರುಗದಿದ್ದರೆ ಇನ್ನೊಂದು ಜಾಯಿಂಟ್ ಎಲ್ಲಿ ಬರಬೇಕೆಂದು ಕಾಗದದ ಮೇಲೆಯೇ ತೀರ್ಮಾನಿಸಿ. ಹಾಬ್‌ನಿಂದ ದೂರ, ಕೆಳಗೆ ಕಬೋರ್ಡಿನ ಗೋಡೆ ಇರುವ ಕಡೆ.

ಹೊರುವಾಗ ತುಂಡು ಸದಾ ಅಂಚಿನ ಮೇಲೆ ನಿಂತಿರಬೇಕು, ಮಲಗಿಸಿ ಎತ್ತಿದರೆ ಕಟೌಟಿನ ಪಕ್ಕದ ಸಣ್ಣ ಪಟ್ಟಿ ಮುರಿಯುತ್ತದೆ. ಕಟೌಟಿನ ಎರಡೂ ಬದಿಗೆ ಮರದ ರೀಪು ಕ್ಲ್ಯಾಂಪ್ ಮಾಡಿ ತರಬೇಕು.

ಅಳತೆ ಹಳೆ ಕಲ್ಲು ತೆಗೆದ ಮೇಲೆಯೇ ಆಗಬೇಕು. ನಮ್ಮ ಕಟ್ಟಡಗಳಲ್ಲಿ ಗೋಡೆ ಮೂಲೆಮಟ್ಟಕ್ಕೆ ಕೂರುವುದು ಅಪರೂಪ. ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿ, ಅಡ್ಡ ಅಳತೆ 5 ಅಡಿ ಬರುತ್ತದೆಯೇ ನೋಡಿ. ಬರದಿದ್ದರೆ ಹಾರ್ಡ್‌ಬೋರ್ಡಿನಲ್ಲಿ ಮಾದರಿ ಕತ್ತರಿಸಿ ಫ್ಯಾಕ್ಟರಿಗೆ ಕಳಿಸಿ.

ಸಾಂತಾಕ್ರೂಜ್_ಸುರಕ್ಷತೆ
ಇಷ್ಟೆಲ್ಲ ಅಳತೆ ಮೊದಲೇ ಸರಿಮಾಡಿಕೊಳ್ಳಲು ಇನ್ನೂ ದೊಡ್ಡ ಕಾರಣವಿದೆ. ಮನೆಯಲ್ಲಿ ಬಂದು ಒಣ ಗ್ರೈಂಡರಿನಲ್ಲಿ ಕೊಯ್ಯುವುದನ್ನು ದಯವಿಟ್ಟು ತಪ್ಪಿಸಿ. ಮಾರ್ಬಲ್ಲಿನಲ್ಲಿ ಸಿಲಿಕಾ ತೀರ ಕಡಿಮೆ, ಗ್ರಾನೈಟಿನಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು, ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಅದೇ. ಆ ಸಣ್ಣ ಧೂಳು ಪುಪ್ಪುಸದಲ್ಲಿ ಕೂತರೆ ಸಿಲಿಕೋಸಿಸ್. ವಾಸಿಯಾಗುವ ರೋಗವಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲಿನ ತಯಾರಿ, ಮಾರಾಟ, ಕೂರಿಸುವಿಕೆಯನ್ನೇ ನಿಷೇಧಿಸಿತು.

ಓಟಾವಾಗಿ ಕೂತ ಮೇಲೆ ಮನೆಯವರಿಗೆ ಅಪಾಯವಿಲ್ಲ. ಅಪಾಯ ಕೊಯ್ಯುವ ಹುಡುಗನಿಗೆ. ಅವನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸೊಸೈಟಿಯ ಪ್ಯಾಸೇಜಿನಲ್ಲಿ ಕೂತು ಕೊಯ್ಯುತ್ತಾನೆ. ಕರವಸ್ತ್ರ ಈ ಧೂಳನ್ನು ತಡೆಯುವುದೇ ಇಲ್ಲ. ಕಟೌಟ್, ಅಂಚು, ನಲ್ಲಿಯ ತೂತು, ಎಲ್ಲವೂ ಫ್ಯಾಕ್ಟರಿಯಲ್ಲಿ ನೀರು ಹರಿಸುವ ಮೆಷಿನ್ನಿನಲ್ಲಿ ಆಗಬೇಕೆಂದು ಆರ್ಡರಿನಲ್ಲೇ ಬರೆಯಿರಿ. ಮನೆಯಲ್ಲಿ ಒಂದೆರಡು ಮಿ.ಮೀ. ತೆಗೆಯಲೇಬೇಕಾದರೆ ನೀರು ಬಿಡುತ್ತ ತೆಗೆಯಲಿ, ಧೂಳಿಗೆಂದೇ ಇರುವ ಫಿಲ್ಟರ್ ಮಾಸ್ಕ್ ಹಾಕಿಕೊಳ್ಳಲಿ. ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಎತ್ತಬೇಕು, ಪೊರಕೆ ಬೇಡ.

ಮುಲುಂಡ್_ಪೂರ್ವ
ಇದನ್ನು ಆರ್ಡರಿನ ಮೊದಲ ಸಾಲಿಗೇ ಹಾಕುತ್ತೇನೆ. ಇನ್ನು ಅರಿಶಿನದ ಪ್ರಶ್ನೆ ಉಳಿದಿದೆ.

ಕೋಥ್ರೂಡ್_ಒಳಾಂಗಣ
ಬಿಳಿ ಕ್ವಾರ್ಟ್ಜ್ ಮೇಲೆ ಕಾಣುವ ಹಳದಿ ನಾಲ್ಕು ಬಗೆಯದು. ಯಾವುದೆಂದು ತಿಳಿಯದೆ ತಿಕ್ಕತೊಡಗಿದರೆ ಪಾಲಿಶ್ ಹಾಳು.

ಅರಿಶಿನದ್ದು ಚುಕ್ಕೆ ಅಥವಾ ಪಾತ್ರೆಯ ತಳದ ಆಕಾರದಲ್ಲಿ ಇರುತ್ತದೆ, ಬಣ್ಣ ಸ್ಪಷ್ಟ ಹಳದಿ. ತಕ್ಷಣ ಸೋಪುನೀರಿನಲ್ಲಿ ಒರೆಸಿದರೆ ಏನೂ ಉಳಿಯದು. ರಾತ್ರಿಯಿಡೀ ಉಳಿದಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹತ್ತು ನಿಮಿಷ ಹಚ್ಚಿಟ್ಟು ಮೆತ್ತನೆ ಸ್ಪಂಜಿನಲ್ಲಿ ತೆಗೆಯಿರಿ. ಆಗಲೂ ಛಾಯೆ ಇದ್ದರೆ ಔಷಧದಂಗಡಿಯ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಕಲೆಯ ಮೇಲಿಟ್ಟು ಪ್ಲಾಸ್ಟಿಕ್ ಮುಚ್ಚಿ. ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ. ಅರಿಶಿನದ ಬಣ್ಣ ಬೆಳಕಿಗೆ ತಾನಾಗಿಯೂ ಕರಗುತ್ತದೆ, ಕಿಟಕಿಯ ಪಕ್ಕದ ತೆಳು ಕಲೆ ಕೆಲವು ದಿನಗಳಲ್ಲಿ ಮಾಯವಾಗುವುದು ಅದಕ್ಕೇ.

ಎಣ್ಣೆಹೊಗೆಯ ಪೊರೆಯದ್ದು ಒಲೆಯ ಸುತ್ತ ಅಗಲವಾಗಿ, ಮಬ್ಬಾಗಿ ಇರುತ್ತದೆ, ಬೆರಳಿಟ್ಟರೆ ಜಿಗುಟು. ಪಾತ್ರೆ ತೊಳೆಯುವ ದ್ರವ, ಬಿಸಿನೀರು ಸಾಕು. ಸೋಪಿನ ಪೊರೆ ಉಳಿಸದೆ ಎರಡು ಬಾರಿ ಬರೀ ನೀರಿನಲ್ಲಿ ಒರೆಸಿ. ಸುಟ್ಟ ಹಳದಿ ಉಂಗುರವಾಗಿರುತ್ತದೆ, ಅದು ಶಾಶ್ವತ. ನಾಲ್ಕನೆಯದು ಬಿಸಿಲಿನದು. ಕಿಟಕಿಯ ಕಡೆ ಮಾತ್ರ ಇರುತ್ತದೆ, ವರ್ಷಗಳಿಂದ ಒಂದೇ ಕಡೆ ಇಟ್ಟಿದ್ದ ಡಬ್ಬಿ ಎತ್ತಿದರೆ ಅದರಡಿ ಬಿಳಿ ವೃತ್ತ ಕಾಣುತ್ತದೆ. ಇದಕ್ಕೂ ಮದ್ದಿಲ್ಲ. ಪಶ್ಚಿಮದ ಕಿಟಕಿ ಎಂದಿರಿ. ಗಾಜಿಗೆ ಅತಿನೇರಳೆ ಕಿರಣ ತಡೆಯುವ ಫಿಲ್ಮ್ ಅಥವಾ ಮಧ್ಯಾಹ್ನದ ಪರದೆ ಬೇಕೇ ಬೇಕು. ಡ್ರೈ ಬಾಲ್ಕನಿಗೆ (ಅಡುಗೆಮನೆಗೆ ತಾಗಿ ಬಟ್ಟೆ, ಪಾತ್ರೆ ತೊಳೆಯುವ ಜಾಗ) ಕ್ವಾರ್ಟ್ಜ್ ಹಾಕಲೇಬೇಡಿ, ಅಲ್ಲಿಗೆ ಗ್ರಾನೈಟ್.

ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ, ಪೇಂಟ್ ತೆಗೆಯುವ ದ್ರವ, ಉಕ್ಕಿನ ತಂತಿಯ ಜುಂಗು ಇವು ಯಾವುದೂ ಹತ್ತಿರ ಬರಬಾರದು. ಟ್ಯಾಂಕರ್ ನೀರಿನ ಬಿಳಿ ಗಸಿ ನಲ್ಲಿಯ ಬುಡದಲ್ಲಿ ಕೂತರೆ ವಿನೆಗರ್ ಅರ್ಧ, ನೀರು ಅರ್ಧ, ಐದು ನಿಮಿಷ, ಆಮೇಲೆ ತೊಳೆಯಿರಿ.

ವಾಸ್ಕೋ_ಕಡಲತಡಿ
ಗೋವಾದಲ್ಲಿ ಹಾಕಿಸುವವರಿಗೆ ಎರಡು ಮಾತು. ಉಪ್ಪುಗಾಳಿ ಕ್ವಾರ್ಟ್ಜ್‌ಗೆ ಏನೂ ಮಾಡದು, ಆದರೆ ಅದರಡಿಯ ಕಬ್ಬಿಣದ ಬ್ರಾಕೆಟ್ಟಿಗೆ ತುಕ್ಕು ಹಿಡಿದು ಜಾಯಿಂಟಿನಲ್ಲಿ ಕಂದು ನೀರು ಇಳಿಯುತ್ತದೆ. ಬ್ರಾಕೆಟ್, ಸ್ಕ್ರೂ ಎರಡೂ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಲಿ. ಮಳೆಗಾಲದಲ್ಲಿ ಬಿಳಿ ಸಿಲಿಕೋನ್ ಮೇಲೆ ಕಪ್ಪು ಬೂಷ್ಟು ಬರುತ್ತದೆ, ಬೂಷ್ಟು ನಿರೋಧಕ ಸ್ಯಾನಿಟರಿ ದರ್ಜೆಯದನ್ನೇ ತನ್ನಿ. ಮನೆಮುಂದಿನ ಬಲ್ಕಾಂವ್, ಅಂದರೆ ಜಗಲಿಯ ಆಸನಕ್ಕೆ ಬಿಳಿ ಕ್ವಾರ್ಟ್ಜ್ ಚಂದ ಎಂದು ಹಲವರು ಕೇಳುತ್ತಾರೆ. ಬಿಸಿಲು ಬೀಳುವ ಜಾಗ, ಬೇಡ.

ಇನ್ನೊಂದು, ಮಿಕ್ಸಿ ಮತ್ತು ಗ್ರೈಂಡರಿನ ಕಪ್ಪು ರಬ್ಬರ್ ಕಾಲುಗಳು ತಿಂಗಳುಗಟ್ಟಲೆ ಒಂದೇ ಕಡೆ ಕೂತರೆ ಬಿಳಿ ರೆಸಿನ್‌ಗೆ ಬಣ್ಣ ಇಳಿಸುತ್ತವೆ. ಕೆಳಗೆ ಸ್ಟೀಲ್ ತಟ್ಟೆ ಅಥವಾ ಟೈಲ್ ತುಂಡು ಇಡಿ. ಒದ್ದೆಯಾದ ಪ್ರಿಂಟ್ ಚೀಲದ ಶಾಯಿ ಇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಒರೆಸಿ. ಅಂಚಿಗೆ ಹೊಡೆದು ತೆಂಗಿನಕಾಯಿ ಒಡೆಯುವ ಅಭ್ಯಾಸ ಇದ್ದರೆ ಅಂಚಿನ ಚಿಪ್ಪು ಹೋಗುವುದು ಖಂಡಿತ. ಚೂಪು ಅಂಚಿಗಿಂತ 3 ಮಿ.ಮೀ. ಗುಂಡು ಮಾಡಿದ ಅಂಚು ಬಾಳುತ್ತದೆ.

ಮುಲುಂಡ್_ಪೂರ್ವ
ತೀರ್ಮಾನ ಹೀಗೆ: 20 ಮಿ.ಮೀ. ಪಾಲಿಶ್, ಒಂದು ಜಂಬೋ ಸ್ಲ್ಯಾಬ್, ದಾಡೋ ಟೈಲ್ಸ್, ಕಡಪ ಉಳಿಸುವುದು, ಕಿಟಕಿಗೆ ಫಿಲ್ಮ್. ಮಿಗುವ 2 ಮೀಟರ್ ತುಂಡಿನಲ್ಲಿ ದೇವರಮನೆಯ ಹಲಗೆ ಮಾಡಿಸಬಹುದೇ?

ಹಡಪ್ಸರ್_ರೊಟ್ಟಿಮನಿ
ಮಾಡಸ್ರಿ. ಆದ್ರ ಮಣ್ಣಿನ ಹಣತಿ, ಕರ್ಪೂರದ ಆರತಿ ನೇರ ಕಲ್ಲಿನ ಮ್ಯಾಲೆ ಇಡಬ್ಯಾಡ್ರಿ, ಕಾಲಿರೋ ಹಿತ್ತಾಳಿ ತಟ್ಟಿ ಕೆಳಗಿರ್ಲಿ. ಈಗಿನ ಕುಂಕುಮದಾಗ ಬಣ್ಣ ಬೆರೆಸಿರ್ತಾರ, ಅಭಿಷೇಕದ ನೀರಿನಾಗ ನೆನೆದು ಕೂತ್ರ ಗುಲಾಬಿ ಕಲೆ ಬಿಡ್ತದ. ಪೂಜಿ ಮುಗಿದ ಕೂಡ್ಲೆ ಒರೆಸಿಬಿಡ್ರಿ.

ಠಾಣೆ_ಕಲ್ಲುಕೆಲಸ
ಕೂರಿಸಿದ ದಿನವೇ ಸಿಂಕ್ ಬಳಸಬೇಡಿ. ಸಿಲಿಕೋನ್ ಹಿಡಿಯಲು 24 ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಒಂದು ದಿನ ಬಿಡಿ. ಕೆಳಗಿನಿಂದ ಕೂರುವ ಸಿಂಕ್ ಆದರೆ ಬರೀ ಸಿಲಿಕೋನಿನ ಮೇಲೆ ನೇತಾಡಬಾರದು, ಕ್ಲಿಪ್ ಅಥವಾ ಚೌಕಟ್ಟು ಕೊಟ್ಟಿದ್ದಾರೆಯೇ ನೋಡಿ. ಆಮೇಲೆ ಸಿಂಕ್ ಕಂಠದವರೆಗೆ ನೀರು ತುಂಬಿ, ಕೆಳಗೆ ಒಣ ಪೇಪರ್ ಹಾಸಿ, ಒಂದು ಗಂಟೆ ಬಿಟ್ಟು ನೋಡಿ. ಪೇಪರ್ ಒಣಗಿದ್ದರೆ ಕೊನೆಯ ಕಂತು ಕೊಡಿ.